ನಾನು ಹೊಲಿದ ನೆಟ್‌ಬಾಲ್ ತಂಡ

"ಆಂಜನಪ್ಪಗ ಏಣಿ ಯಾಕ ಬೇಕ್ರಿ? ಮಗಳನ್ನ ಬೆಳೆಸ್ಯಾನಲ್ಲ!" ಎಂದು ಆಂಧ್ರದ ಗಡಿಯ ರಾಯದುರ್ಗದ ನಮ್ಮ ಓಣಿಯವರು ಮೊದಲೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ಹಾಳಾಗಿ ಹೋಗಲಿ, ಆಮೇಲೆ ಅದೇ ಬಾಯಲ್ಲಿ ಅವಳನ್ನು ಎರವಲು ಕೇಳಲು ಬರುತ್ತಿದ್ದರು. ಪಕ್ಕದ ಮನೆಯ ಪಾಪಕ್ಕನಂತೂ ಬಲ್ಬು ಸುಟ್ಟುಹೋದರೆ, ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಬೇಕಾದರೆ, "ಸಾಯಿಲಕ್ಷ್ಮೀನ ಸ್ವಲ್ಪ ಕಳಸ್ರಿ" ಎಂದು ಬಾಗಿಲಲ್ಲಿ ಹಾಜರು. ಕೆಲಸ ಮುಗಿದ ಮೇಲೆ, "ಇಷ್ಟುದ್ದ ಬೆಳದರ ಗಂಡನ್ನ ಎಲ್ಲಿಂದ ತರ್ತೀರಿ?" ಎಂದು ನಮ್ಮ ಮೇಲೆ ಒಂದಿಷ್ಟು ಮರುಕ ಸುರಿದು ಹೋಗುವಳು. ಬಲ್ಬು ಹಾಕಿಸಿಕೊಂಡದ್ದಕ್ಕೆ ಅದೇ ಸಂಭಾವನೆ.

ಹೀಗೆ ಓಣಿಯ ಸೇವೆಯಲ್ಲಿ ಬೆಳೆದ ನನ್ನ ಮಗಳು ಹತ್ತನೇ ತರಗತಿಗೆ ಬಂದಾಗ ಕದಿರಪ್ಪ ಮೇಷ್ಟ್ರ ಕಣ್ಣಿಗೆ ಬಿದ್ದಳು. ಮೇಷ್ಟ್ರು ಕಲಿಸುವುದು ಗಣಿತ. ಶಾಲೆಯಲ್ಲಿ ಆಟದ ಮೇಷ್ಟ್ರು ಇಲ್ಲದ್ದರಿಂದ ಕೊರಳಿಗೊಂದು ಸೀಟಿ ಹಾಕಿಕೊಂಡು ಆ ಪೀಠವನ್ನೂ ಅಲಂಕರಿಸಿದ್ದರು. ಇಂದು ಫೋನಿನಲ್ಲಿ ನೋಡಿ ಕಲಿತ ನೆಟ್‌ಬಾಲನ್ನು ನಾಳೆ ಮಕ್ಕಳಿಗೆ ಕಲಿಸುವುದು ಅವರ ಪದ್ಧತಿ. (ಫೋನಿನಲ್ಲಿ ಚಾರ್ಜು ಇಲ್ಲದ ದಿನ ಮಕ್ಕಳು ಖೋಖೋ ಆಡುತ್ತಿದ್ದರು.)

ಒಂದು ದಿನ ಹೋಗಿ ನೋಡಿದೆ. ಕಂಬದ ತುದಿಯಲ್ಲೊಂದು ಬಳೆ, ಅದರ ಹಿಂದೆ ಹಲಗೆಯೂ ಇಲ್ಲ. ಚೆಂಡು ಸಿಕ್ಕವಳು ಓಡುವಂತಿಲ್ಲ; ಮೂರು ಸೆಕೆಂಡಿನೊಳಗೆ ಇನ್ನೊಬ್ಬಳ ಕೈಗೆ ದಾಟಿಸಿಬಿಡಬೇಕು. ಏಳು ಹುಡುಗಿಯರು, ಒಬ್ಬೊಬ್ಬಳಿಗೂ ಒಂದೊಂದು ಸರಹದ್ದು. ಬಳೆಗೆ ಚೆಂಡು ಹಾಕುವ ಅಧಿಕಾರ ಇಬ್ಬರಿಗೆ ಮಾತ್ರ. ಯಾರ ಅಧಿಕಾರ ಎಲ್ಲಿಯ ತನಕ ಎಂದು ತಿಳಿಯಲು ಎದೆಯ ಮೇಲೊಂದು, ಬೆನ್ನ ಮೇಲೊಂದು ಅಕ್ಷರದ ಬಟ್ಟೆ. ಇದು ಆಟವೋ ಸರ್ಕಾರಿ ಕಚೇರಿಯೋ? ಅಲ್ಲಿಯೂ ಹೀಗೇ ತಾನೆ! ನಮ್ಮ ಅರ್ಜಿ ಯಾರ ಕೈಯಲ್ಲೂ ಮೂರು ಸೆಕೆಂಡು ನಿಲ್ಲುವುದಿಲ್ಲ, ತಮ್ಮ ಗೆರೆ ದಾಟಿ ಯಾರೂ ಬರುವುದಿಲ್ಲ, ರುಜು ಹಾಕುವ ಅಧಿಕಾರವಿದ್ದವನು ಮಾತ್ರ ರಜೆಯಲ್ಲಿರುತ್ತಾನೆ.

ಆ ಕಚೇರಿಯಲ್ಲೂ ನನ್ನ ಮಗಳಿಗೆ ಕುರ್ಚಿ ಸಿಗಲಿಲ್ಲ. ಚೆಂಡು ಹಾಕುವ 'ಜಿಎಸ್' ಎಂಬ ಮುಖ್ಯ ಹುದ್ದೆ ಸ್ವಪ್ನಾಳದು. ಅವಳು ಬಟ್ಟೆ ಅಂಗಡಿ ಸಿದ್ದರಾಮೇಶನ ಮಗಳು. ಶಾಲೆಗೆ ಚೆಂಡು ಕೊಡಿಸಿದವನು ಸಿದ್ದರಾಮೇಶ. ಚೆಂಡು ಕೊಟ್ಟವರ ಮಗಳೇ ಚೆಂಡು ಹಾಕುವುದು ಲೋಕಧರ್ಮ. ಸಾಯಿಲಕ್ಷ್ಮಿ ಎಂಟನೆಯವಳು: ಯಾರಾದರೂ ಬಿದ್ದರೆ ಉಂಟು, ಬೀಳದಿದ್ದರೆ ನೀರಿನ ಬಾಟಲಿ ಕಾಯಬೇಕು.

"ಅಪ್ಪ, ಮಡಕಶಿರದಾಗ ಉಮ್ಮಡಿ ಜಿಲ್ಲೆ ಟೀಮಿಗೆ ಆರಿಸ್ತಾರ. ಐದು ನಿಮಿಷ ಒಳಗ ಬಿಟ್ರ ಸಾಕು, ನೋಡವ್ರು ನೋಡ್ತಾರ. ಮುಂದಿನ ವರ್ಷ ನನಗ ವಯಸ್ಸು ದಾಟ್ತದ" ಎಂದಳು. (ಜಿಲ್ಲೆಯನ್ನು ಎರಡು ಮಾಡಿದವರು ಆಟದ ಮಟ್ಟಿಗೆ ಅದನ್ನು ಇನ್ನೂ ಒಂದೇ ಇಟ್ಟಿದ್ದಾರಂತೆ, ಅದಕ್ಕೇ ತೆಲುಗಿನಲ್ಲಿ ಉಮ್ಮಡಿ, ಎಂದರೆ ಕೂಡಿದ್ದು.) ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನೊಳಗಿನ ತಂದೆ ಎದ್ದು ಕುಳಿತ. ದುರದೃಷ್ಟಕ್ಕೆ ಅವನ ಜೊತೆ ನನ್ನೊಳಗಿನ ದರ್ಜಿಯೂ ಎದ್ದ.

ಅಕ್ಷರದ ಬಟ್ಟೆಗಳು ಹರಿದು ಚಿಂದಿಯಾಗಿದ್ದವು. ಹೊಸ ಜರ್ಸಿ ಸಿದ್ದರಾಮೇಶನದು, ಅಕ್ಷರ ಹೊಲಿಯುವುದು ನನ್ನದು ಎಂದಾಯಿತು. ಚೆಂಡು ಕೊಟ್ಟವನ ಮಗಳು ಆಡುವುದಾದರೆ, ಅಕ್ಷರ ಹೊಲಿದವನ ಮಗಳಿಗೆ ಐದು ನಿಮಿಷವಾದರೂ ಸಿಗದೇ? ಮೇಷ್ಟ್ರು ಮಾದರಿಗೆ ಒಂದು ಹಳೆಯ ಬಟ್ಟೆ ಕೊಟ್ಟು ಯಾವುದೋ ಟ್ರೈನಿಂಗಿಗೆ ಹೋಗಿಬಿಟ್ಟರು. ನೋಡುತ್ತೇನೆ: ಮುಂದೊಂದು ತುಂಡು, ಹಿಂದೊಂದು ತುಂಡು, ಎರಡೂ ಪಕ್ಕಕ್ಕೆ ಕಟ್ಟಿಕೊಳ್ಳಲು ಲಾಡಿ! ಇಪ್ಪತ್ತು ವರ್ಷದಿಂದ ಜೀನ್ಸ್ ಪ್ಯಾಂಟು ಹೊಲಿದ ಕೈಗೆ ಲಾಡಿ!

"ಏನ್ರಿ, ಮೇಷ್ಟ್ರು ಕೊಟ್ಟಂಗ ಹೊಲೀರಿ" ಎಂದಳು ನನ್ನ ಹೆಂಡತಿ ಬನಶಂಕರಮ್ಮ.

"ಲಾಡಿ ಲಂಗಕ್ಕ ಚಂದ. ಜರ್ಸಿಗೆ ಲಾಡಿ ಬಿಗಿದರ ಮಡಕಶಿರದವ್ರು ನಗತಾರ."

"ಲಾಡಿ ಇಟ್ಟಾರಂದ್ರ ಏನರ ಕಾರಣ ಇರ್ತದ."

"ಹೊಲಿಯಾಕ ಬರಲಾರದ್ದ ಕಾರಣ!"

"ಮೇಷ್ಟ್ರಿಗೆ ಒಂದು ಫೋನ್ ಹಚ್ಚಿ ಕೇಳ್ರಿ. ನಾಲಿಗಿ ಏನ್ ಸವೀತದ?"

ದರ್ಜಿಯಾದವನು ಗಣಿತದ ಮೇಷ್ಟ್ರನ್ನು ಹೊಲಿಗೆ ಕೇಳುವುದೇ? ಏಳು ಹುಡುಗಿಯರನ್ನೂ ಮನೆಗೆ ಕರೆಸಿ, ಬನಶಂಕರಿಯಿಂದ ಅಳತೆ ತೆಗೆಸಿದೆ. ಆ ಅಳತೆಗೆ ಒಬ್ಬೊಬ್ಬಳ ಜರ್ಸಿಯನ್ನೂ ಪಕ್ಕದಲ್ಲಿ ಹಿಡಿದು ಬಿಗಿಯಾಗಿ ಹೊಲಿದೆ. ಅಕ್ಷರದ ಬಟ್ಟೆಯನ್ನು ಜರ್ಸಿಯ ಮೇಲೇ ಇಟ್ಟು, ಜೀನ್ಸಿನ ದಾರದಲ್ಲಿ ಸುತ್ತ ಮೂರು ಸಾಲು ಓಡಿಸಿದೆ. ಮೂಲೆಗಳಿಗೆ ಪ್ಯಾಂಟಿನ ಜೇಬಿಗೆ ಹಾಕುವಂಥ ಒತ್ತೊತ್ತು ಹೊಲಿಗೆ. ಭೂಕಂಪವಾದರೆ ಹುಡುಗಿ ಅಲುಗಬಹುದು, ಅಕ್ಷರ ಅಲುಗದು. ಎಂಟನೆಯದಕ್ಕೆ ಅಕ್ಷರವೇ ಇಲ್ಲವಾದ್ದರಿಂದ ಅದನ್ನು ಬೋಳಾಗಿಯೇ ಇಟ್ಟೆ. ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಮೈದಾನದಲ್ಲೇ ಅನಾವರಣವೆಂದು ಘೋಷಿಸಿ, ನನಗೂ ಒಂದು ಬಿಳಿಯ ಅಂಗಿ ಹೊಲಿದುಕೊಂಡೆ. (ಒಂದು ಶಾಲು, ಒಂದು ಹಾರವನ್ನಾದರೂ ಹಾಕದಿರುತ್ತಾರೆಯೇ?)

ಮಡಕಶಿರದ ಮೈದಾನದಲ್ಲಿ ಹುಡುಗಿಯರು ಜರ್ಸಿ ತೊಟ್ಟು ಬಂದಾಗ ಎದುರು ತಂಡದವರು ಬಾಯಿಬಿಟ್ಟು ನಿಂತರು. ಅಂಪೈರ್ ಬೋರಪ್ಪ, ಅಲ್ಲಿಯವನೇ, ಹತ್ತಿರ ಬಂದು ಅಕ್ಷರಗಳನ್ನು ಒಂದೊಂದಾಗಿ ಓದಿ, "ಏನಣ್ಣ, ಟೀವೀನಾಗ್ ಬರೋರಂಗೆ ಅವ್ರೆ ಹುಡ್ಗೀರು!" ಎಂದ. ನನ್ನ ಕೊರಳು ಹಾರದ ಅಳತೆಗೆ ತಾನಾಗಿ ಉದ್ದವಾಯಿತು.

ಅಷ್ಟರಲ್ಲಿ ಟ್ರೈನಿಂಗಿನಿಂದ ನೇರವಾಗಿ ಬಂದಿಳಿದ ಕದಿರಪ್ಪ ಮೇಷ್ಟ್ರು, "ಇದೇಮಿಟಿ ಆಂಜನಪ್ಪಾ! ಲಾಡಿ ಎಲ್ಲಿ?" ಎಂದರು.

"ತೆಗೆದು ಹಾಕೀನಿ ಸಾರ್. ಇನ್ನ ಯಾರು ಎಳೆದರೂ ಬರಂಗಿಲ್ಲ."

ಮೇಷ್ಟ್ರು ಅಲ್ಲೇ ಇದ್ದ ಕಲ್ಲಿನ ಮೇಲೆ ಕುಳಿತುಬಿಟ್ಟರು. ಸಾಯಿಲಕ್ಷ್ಮಿ ತನ್ನ ಬೋಳು ಜರ್ಸಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಅಪ್ಪ, ಹೊರಗ ಬಂದಾಕಿ ಅಕ್ಷರ ಬಿಚ್ಚಿ ಕೊಡ್ತಾಳ, ಒಳಗ ಹೋಗಾಕಿ ಅದನ್ನ ಕಟ್ಟಿಗೊಂತಾಳ. ಲಾಡಿ ಇರೋದು ಅದಕ್ಕ. ಈಗ ನಾ ಏನು ಕಟ್ಟಿಗೊಳ್ಳಲಿ?"

"ಸ್ವಪ್ನಾ ಎಲ್ಲಿ ಹೊರಗ ಬರ್ತಾಳ ಬಿಡವ್ವ" ಎಂದು ಸಮಾಧಾನ ಹೇಳಿದೆ. ಇಂಥ ಸಮಾಧಾನವನ್ನು ಹೆತ್ತ ತಂದೆಯೇ ಹೇಳಬೇಕು!

ಸೆಮಿಫೈನಲ್ ಪಂದ್ಯದ ಮೂರನೇ ಪಾಳಿಯಲ್ಲಿ ಸ್ವಪ್ನಾ ಚೆಂಡಿಗಾಗಿ ನೆಗೆದು, ಕಾಲು ಹೊರಳಿ ಬಿದ್ದಳು. ಬೋರಪ್ಪ ಸೀಟಿ ಊದಿ, "ಬೇರೆ ಹುಡ್ಗಿ ಇದ್ರೆ ಬಿರ್ನೆ ಬಿಡ್ರಿ" ಎಂದ. ಸಾಯಿಲಕ್ಷ್ಮಿ ಎದ್ದಳು. ಅವನು ಅವಳ ಬೋಳು ಜರ್ಸಿ ನೋಡಿ ಕೈ ಅಡ್ಡ ಹಿಡಿದ. "ಅಕ್ಷ್ರ ಇಲ್ದಂಗೆ ಒಳೀಕ್ ಬಿಡಂಗಿಲ್ಲ ಕಣಮ್ಮ."

ಬನಶಂಕರಿ ಇಬ್ಬರು ಹುಡುಗಿಯರನ್ನೂ ಎಳೆದುಕೊಂಡು ಪಕ್ಕದ ಕ್ಲಾಸ್ ರೂಮಿಗೆ ಓಡಿದಳು. ಸ್ವಪ್ನಾಳ ಜರ್ಸಿಯನ್ನೇ ನಮ್ಮವಳಿಗೆ ತೊಡಿಸುವ ಉಪಾಯ. ಉಪಾಯವೇನೋ ಸರಿ. ಆದರೆ ಸ್ವಪ್ನಾ ಊದುಬತ್ತಿ. ನನ್ನ ಮಗಳಿಗೆ ಅವರಮ್ಮನ ಭುಜ. ಅದರ ಮೇಲೆ ನನ್ನ ಫಿಟ್ಟಿಂಗು! ಬಾಗಿಲ ಹೊರಗೆ ನಿಂತ ನನಗೆ ಒಳಗಿನ ಯುದ್ಧವಾರ್ತೆ ಕೇಳುತ್ತಿತ್ತು.

"ಉಸುರು ಬಿಡು!"

"ಬಿಟ್ಟೀನಮ್ಮ!"

"ಇನ್ನೂ ಬಿಡು!"

"ಇನ್ನ ಬಿಟ್ರ ಸಾಯ್ತೀನಿ! ಕೈ ಕೆಳಗ ಬರವಲ್ದು!"

"ತಡಿ, ಹರದ ಬಿಡ್ತೀನಿ ಇದನ್ನ!"

"ಹರಿಯಂಗಿಲ್ಲದು, ನಾ ಹೊಲಿದದ್ದು!" ಎಂದು ಹೊರಗಿನಿಂದ ಕೂಗಿದೆ. ಕೂಗಬಾರದಿತ್ತು. ಇಪ್ಪತ್ತು ವರ್ಷದ ಚಾಳಿ, ನಾಲಗೆ ಕೇಳಲಿಲ್ಲ. ಜರ್ಸಿ ಹರಿಯಲೂ ಇಲ್ಲ. ಮೈದಾನದಲ್ಲಿ ಆರೇ ಹುಡುಗಿಯರು ಒದ್ದಾಡಿ ಒದ್ದಾಡಿ ಸೋತರು. ಆರಿಸಲು ಬಂದವರು ಕುರ್ಚಿಯಲ್ಲಿ ಕುಳಿತು ಏನೇನೋ ಬರೆದುಕೊಂಡರು. ಕೊನೆಯ ಸೀಟಿ ಊದಿದಾಗಲೂ ನನ್ನ ಮಗಳು ಆ ರೂಮಿನಲ್ಲಿ ಎರಡೂ ಕೈ ಮೇಲೆತ್ತಿ, ಮುಖದ ಮೇಲೆ 'ಜಿಎಸ್' ಹೊತ್ತು ನಿಂತಿದ್ದಳು. ಕ್ಯಾಂಟೀನಿನವನ ಬಳಿ ಬ್ಲೇಡು ಬೇಡಿ ತಂದು, ಪಕ್ಕದ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಕೊಯ್ದು ಬಿಡಿಸಿ ಅವಳನ್ನು ಹೊರತೆಗೆದೆ. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಕುಳಿತಳು. ಅತ್ತಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ ಸೋತವರಿಗೆ ಮೂರನೇ ಸ್ಥಾನದ ಪಂದ್ಯವಿತ್ತು. ಬನಶಂಕರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಟೇಪು ಹಿಡಿದು ನಾನೂ ಯಾರನ್ನೂ ಹಾಗೆ ಅಳೆದಿಲ್ಲ.

"ಅಂಗಿ ಬಿಚ್ರಿ."

"ಯಾಕ?"

"ಬಿಚ್ಚಾಕ ಬರ್ತದೋ, ಇಲ್ಲಾ ಅದನ್ನೂ ಮೈಗೆ ಹೊಲಕೊಂಡೀರೋ?"

ಸನ್ಮಾನದ ಅಂಗಿ ಅವಳ ಕೈ ಸೇರಿತು. ಬ್ಲೇಡು ಆಡಿತು. ಬೆನ್ನಿನ ಬಟ್ಟೆ ಎರಡು ತುಂಡಾಯಿತು, ತೋಳುಗಳು ಸೀಳಿಹೋಗಿ ಲಾಡಿಗಳಾದವು. ಮೂಲೆಗಳಲ್ಲಿ ತೂತು ಮಾಡಿ ಲಾಡಿ ಪೋಣಿಸಿದಳು, ಮೇಷ್ಟ್ರ ದಪ್ಪ ಪೆನ್ನಿನಲ್ಲಿ ಅಕ್ಷರ ಬರೆಸಿದಳು. ಒಂದೇ ಒಂದು ಹೊಲಿಗೆ ಇಲ್ಲದೆ! ನಾನು ಬನಿಯನ್ನಿನಲ್ಲಿ ಗೆರೆಯ ಪಕ್ಕ ನಿಂತೆ. "ಬಿಸ್ಲು ಜೋರಾಯ್ತೇನಣ್ಣೋ?" ಎಂದು ಮಡಕಶಿರದ ಯಾವನೋ ಕೇಳಿದ.

ಸಾಯಿಲಕ್ಷ್ಮಿ ಒಳಗೆ ಹೋದಳು. ಬಳೆಯ ಕೆಳಗೆ ನಿಂತು, ಬಂದ ಚೆಂಡನ್ನೆಲ್ಲ ಗೂಡಿಗೆ ಹಕ್ಕಿ ಬಿಡುವವಳ ಹಾಗೆ ಮೇಲಕ್ಕೆ ಬಿಟ್ಟಳು. ತಪ್ಪಿದ್ದು ಮೂರೇ. ಕಚೇರಿಯೆಂದು ನಾನು ಮೂದಲಿಸಿದ ಆಟದಲ್ಲಿ ನನ್ನ ಮಗಳು ಆಟ ಮುಗಿಯುವವರೆಗೆ ಒಂದರ ಮೇಲೊಂದು ರುಜು ಹಾಕುತ್ತಲೇ ಇದ್ದಳು. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದು. ಬೋರಪ್ಪ ಆ ಲಾಡಿಯ ಬಟ್ಟೆಯನ್ನು ಎತ್ತಿ ಹಿಡಿದು, "ಟೈಲರ್ ಅಂದ್ರೆ ಇಂಗಿರ್ಬೇಕು ಕಣವ್ವ" ಎಂದು ಬನಶಂಕರಿಗೆ ಕೈ ಮುಗಿದ. ಅವಳು ಬೇಡವೆನ್ನಲಿಲ್ಲ.

ಹದಿನೈದು ದಿನ ಕಳೆದು ಮಗಳು ರಾಜ್ಯ ಪಂದ್ಯದ ಕ್ಯಾಂಪಿಗೆ ಹೊರಟಳು. ಹೊರಟವಳು ನೀರಿನ ಬಾಟಲಿ ಮರೆತು ಬಂದಳು, ಮತ್ತೆ ಹೊರಟವಳು ಆಧಾರ್ ಕಾರ್ಡ್ ಮರೆತು ಬಂದಳು. ಮೂರನೇ ಸಲ ಬಂದು, "ಅಮ್ಮ, ಪಿನ್ನು ಅದಾವ? ಕ್ಯಾಂಪಿನಾಗ ಅಕ್ಷರದ ಹಳೇ ಬಟ್ಟಿ ಕೊಡ್ತಾರಂತ, ಲಾಡಿ ಕಿತ್ತಿರ್ತಾವಂತ" ಎಂದಳು.

ದರ್ಜಿಯ ಮಗಳು ಪಿನ್ನು ಕೇಳುವುದೇ? ನಾನು ಮಷಿನಿನಿಂದ ನೆಗೆದೆದ್ದೆ. "ನಾನೂ ಬರ್ತೀನಿ ತಡಿ. ಅಲ್ಲೇ ಕುಂತು ಎಲ್ಲಾ ಲಾಡಿ ಹೊಲಿದು ಕೊಡ್ತೀನಿ!"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಬನಶಂಕರಿ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ಬಿಡಿಸಿ ಅವಳ ಅಂಗೈಗೆ ಸುರಿದಳು.

"ಇಷ್ಟು ಸಾಕು" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, ಬಾಗಿ ನನ್ನ ಕಾಲು ಮುಟ್ಟಿ, "ನೀ ಬ್ಯಾಡಪ್ಪ. ನಿನ್ನ ಹೊಲಿಗಿ ಭಾಳ ಗಟ್ಟಿ" ಎಂದು ಹೊಸ್ತಿಲು ದಾಟಿದಳು. ಮತ್ತೆ ಏನನ್ನೂ ಮರೆತು ಬರಲಿಲ್ಲ.