ಬೂಟು ಹಾಕಿದ ಸರಸ್ವತಿ

ಕಂದು ಕಾಗದ ಸುತ್ತಿದ ಚಿತ್ರವೊಂದನ್ನು ಹಾಲಿನ ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದದ್ದು ಆ ಶನಿವಾರ ಶೇಷಾದ್ರಿ ಮಾಡಿದ ಮೊದಲ ತಪ್ಪು. ಅತ್ತೆ ವೆಂಕಟಮ್ಮ ಮೈಸೂರಿನಿಂದ ಫ್ರೀಮಾಂಟಿಗೆ ಬಂದು ಎರಡು ತಿಂಗಳಾಗಿತ್ತು. ಅವರಿರುವ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಜಾಗದಲ್ಲಿ ಇರುವುದಿಲ್ಲವೆಂದು ಅವನಿಗೆ ಅಷ್ಟರಲ್ಲಿ ತಿಳಿದಿರಬೇಕಿತ್ತು.

ಚಿತ್ರ ಬರೆದವಳು ಮೇಲಿನ ಅಪಾರ್ಟ್‌ಮೆಂಟಿನ ಹಾರುಮಿ ಎಂಬ ಜಪಾನಿ ಹುಡುಗಿ. ಹಗಲೆಲ್ಲ ರಾಕ್ ಸಂಗೀತದ ರೆಕಾರ್ಡು ಹಾಕಿಕೊಂಡು, ಇವರ ಮನೆಯ ಸೀಲಿಂಗು ಅದುರುವಂತೆ ಕುಣಿಯುತ್ತ ಕೆಲಸ ಮಾಡುವವಳು. ಪ್ರತಿ ಶುಕ್ರವಾರ ಇವರಲ್ಲಿಗೇ ಊಟಕ್ಕೆ ಬರುತ್ತಿದ್ದಳು. ಇವತ್ತು ನಾಲ್ಕು ಗಂಟೆಗೆ ವಾಲ್ನಟ್ ಕ್ರೀಕಿನಲ್ಲಿ ಅವಳ ಚಿತ್ರಗಳ ಪ್ರದರ್ಶನ. ಆ ಗ್ಯಾಲರಿ ನಡೆಸುವವಳು ಶೇಷಾದ್ರಿಯ ಮ್ಯಾನೇಜರ್ ವಾಕರನ ಹೆಂಡತಿ. ವಾಕರ್ ಸೋಮವಾರ ಬೆಳಗ್ಗೆ ಶೇಷಾದ್ರಿಯ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಿ, ಮಧ್ಯಾಹ್ನ ಒಂದು ತಿಂಗಳ ರಜೆಗೆ ಹೊರಡುವವನಿದ್ದ. ಸಹಿ ತಪ್ಪಿದರೆ ವೀಸಾ ಮುಗಿದು ಶೇಷಾದ್ರಿ ಗಂಟುಮೂಟೆ ಕಟ್ಟಬೇಕು. ಹಾಗಾಗಿ ದೊಡ್ಡ ಚಿತ್ರವನ್ನು ರೈಲಿನಲ್ಲಿ ಒಯ್ಯುವುದು ಕಷ್ಟ ಎಂದು ಹಾರುಮಿ ಅಂದಾಗ, ಕಾರಿನಲ್ಲಿ ತರುತ್ತೇನೆಂದು ಅವನೇ ಮುಂದೆ ಬಿದ್ದು ಒಪ್ಪಿಕೊಂಡಿದ್ದ. ಸಣ್ಣ ಚಿತ್ರಗಳನ್ನು ಹೊತ್ತು ಹಾರುಮಿಯೂ ಅವನ ಹೆಂಡತಿ ಮೈಥಿಲಿಯೂ ಬೆಳಗ್ಗೆಯೇ ಹೋಗಿದ್ದರು.

ಮೈಥಿಲಿ ಈಚೆಗೆ ಗಂಡನ ಜೊತೆ ಅಷ್ಟಕ್ಕಷ್ಟೆ. ತಿಂಗಳ ಹಿಂದೆ ಅವಳ ಆಫೀಸಿನಲ್ಲಿ ಹಣೆಯ ಬೊಟ್ಟು ತೆಗೆದು ಬಾ ಎಂದಿದ್ದರು. "ಎಂಟು ಗಂಟೆ ತೆಗೆದಿಟ್ರೆ ನಿನ್ನ ಗಂಟೇನು ಹೋಗುತ್ತೆ? ತೆಗೆದ್ಬಿಡು" ಎಂದು ಶೇಷಾದ್ರಿ ಊಟದ ಮಧ್ಯೆ ಬುದ್ಧಿ ಹೇಳಿದ್ದ. ಮೈಥಿಲಿ ಅವನನ್ನು ದಿಟ್ಟಿಸಿ, "ತೆಗೆಯಲ್ಲ" ಎಂದಿದ್ದಳು. ಬಿಸಿಬೇಳೆಭಾತ್ ತಿನ್ನುತ್ತಿದ್ದ ಹಾರುಮಿ ಏನು ಎತ್ತ ಎಂದು ಕೇಳಿ ತಿಳಿದುಕೊಂಡಿದ್ದಳು. ಮಾತು ಅಲ್ಲಿಗೆ ಮುಗಿಯಿತೆಂದು ಶೇಷಾದ್ರಿ ಅಂದುಕೊಂಡಿದ್ದ.

ಸ್ನಾನ ಮುಗಿಸಿ ಬಂದರೆ ಹಾಲಿನ ತುಂಬ ಊದುಬತ್ತಿಯ ಹೊಗೆ. ನವರಾತ್ರಿಯ ಬೊಂಬೆಗಳ ಪಕ್ಕ ಒಂದು ಮಣೆ, ಮಣೆಯ ಮೇಲೆ ಚಿತ್ರ, ಚಿತ್ರಕ್ಕೆ ಹೂವಿನ ಹಾರ. ಸುತ್ತಿದ್ದ ಕಾಗದ ಎಲ್ಲಿ ಹೋಯಿತೋ. ಶೇಷಾದ್ರಿ ಚಿತ್ರವನ್ನು ಕಂಡದ್ದು ಆಗಲೇ. ಪೆನ್ಸಿಲ್ಲಿನಲ್ಲಿ ಬರೆದ ಪುಟ್ಟ ಹುಡುಗಿ, ಮೊಣಕಾಲುದ್ದದ ಬೂಟು, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರು, ಹಣೆಯಲ್ಲಿ ಕೆಂಪು ಬೊಟ್ಟು. ಕಣ್ಣು ಮಾತ್ರ ಎದುರಿದ್ದವರನ್ನು ನುಂಗುವ ಹಾಗಿತ್ತು. ಇದು ಮಗುವೋ, ರೌಡಿಯೋ, ತನ್ನನ್ನೇ ಯಾಕೆ ಹೀಗೆ ನೋಡುತ್ತಿದೆಯೋ ಅವನಿಗೆ ತಿಳಿಯಲಿಲ್ಲ. ಎಲ್ಲೋ ನೋಡಿದ ಮುಖ ಎಂದು ಬೇರೆ ಅನ್ನಿಸಿತು.

"ಅತ್ತೆ, ಇದೇನು ಮಾಡಿದ್ರಿ?"

"ಇವತ್ತು ಮೂಲಾ ನಕ್ಷತ್ರ, ಸರಸ್ವತಿ ಪೂಜೆ ಅಲ್ವೇ ಅಳಿಯಂದ್ರೇ. ಊರಿಂದ ತಂದ ಪಟದ ಗಾಜು ವಿಮಾನದಲ್ಲೇ ಚೂರಾಯ್ತು, ಏನ್ಮಾಡ್ಲಿ ಅಂತಿದ್ದೆ. ನೀವೇ ಹೊಸದು ತಂದಿಟ್ಟಿದ್ದೀರಿ."

"ಇದು ಸರಸ್ವತಿ ಅಲ್ಲ ಅತ್ತೆ. ಗಿಟಾರು ಹಿಡ್ಕೊಂಡಿದ್ದಾಳೆ. ಬೂಟು ಬೇರೆ."

"ಕೈಲಿ ತಂತಿವಾದ್ಯ ಇದೆ, ಹಣೇಲಿ ಕುಂಕುಮ ಇದೆ, ಇನ್ಯಾರು ಮತ್ತೆ? ಈ ಊರಿನ ಚಳಿಗೆ ಬೂಟು ಹಾಕ್ಕೊಂಡಿದ್ದಾಳೆ, ಪಾಪ."

ಶೇಷಾದ್ರಿ ಕೈ ಚಾಚಿದ. ಅತ್ತೆ ಅಡ್ಡ ನಿಂತರು. ಸರಸ್ವತಿ ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಅಲುಗಿಸುವಂತಿಲ್ಲ. ಪುಸ್ತಕವಾದರೂ ಅಷ್ಟೆ, ಪಟವಾದರೂ ಅಷ್ಟೆ. ವಿಜಯದಶಮಿ ಬರುವುದು ಮಂಗಳವಾರ.

ಅಷ್ಟರಲ್ಲಿ ಪಕ್ಕದ ಮನೆಯ ಜಲಜಾ ಅರಿಶಿನ ಕುಂಕುಮಕ್ಕೆ ಬಂದಳು. ಹಿಂದೆಯೇ ಗಂಡ ರಘೋತ್ತಮ, ಗೊತ್ತಿಲ್ಲ ಎಂಬ ಮಾತನ್ನು ಜನ್ಮದಲ್ಲಿ ಆಡದ ಮನುಷ್ಯ.

"ನೀವಾದ್ರೂ ಹೇಳ್ರೀ ಇವರಿಗೆ," ಎಂದು ಶೇಷಾದ್ರಿ ಗೋಗರೆದ.

ರಘೋತ್ತಮ ಕನ್ನಡಕ ಏರಿಸಿ ಚಿತ್ರದ ಸುತ್ತ ಬಗ್ಗಿ ನೋಡಿದ. "ಜಪಾನಲ್ಲೂ ಸರಸ್ವತಿ ಇದ್ದಾಳೆ ಕಣ್ರೀ. ಅಲ್ಲೂ ವಾದ್ಯ ಹಿಡ್ಕೊಂಡೇ ಇರೋದು. ಇದು ಲೇಟೆಸ್ಟ್ ಮಾಡೆಲ್ಲು."

"ಮತ್ತೆ ಇಷ್ಟು ಕೋಪ ಯಾಕೆ?" ಎಂದಳು ಜಲಜಾ.

"ಓದದ ಮಕ್ಕಳನ್ನ ಕಂಡು," ಎಂದರು ವೆಂಕಟಮ್ಮ. ಜಲಜಾ ಮನೆಗೆ ಓಡಿ, ಮಗನ ಆಲ್ಜೀಬ್ರಾ ಪುಸ್ತಕ ತಂದು ಗಿಟಾರಿನ ಬುಡಕ್ಕೆ ಇಟ್ಟು ಅಡ್ಡಬಿದ್ದಳು.

ಎರಡೂವರೆಗೆ ಹೆಂಗಸರು ಕೋಸಂಬರಿಗೆಂದು ಅಡುಗೆಮನೆಗೆ ಹೋದರು. ಶೇಷಾದ್ರಿ ಹಾರದ ಸಮೇತ ದೇವಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಓಡಿದ.

"ಎಲ್ಲಿಗ್ರೀ?" ಎಂದ ರಘೋತ್ತಮ.

"ಹೊಗೆ ಜಾಸ್ತಿ ಆಯ್ತು. ಸ್ವಲ್ಪ ಗಾಳಿಗೆ," ಎಂದು ಬಾಯಿಗೆ ಬಂದದ್ದು ಹೇಳಿ ಶೇಷಾದ್ರಿ ಕಾರು ಹತ್ತಿದ.

ಸ್ಯಾನ್ ರಮೋನ್ ಹತ್ತಿರ ಫ್ರೀವೇಯಿಂದ ಇಳಿದು, ಒಂದು ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಚಿತ್ರವನ್ನು ಪರೀಕ್ಷಿಸಿದ. ಹಾರ ತೆಗೆದ, ಅಕ್ಷತೆ ಕೊಡವಿದ. ಹಣೆಯ ಬೊಟ್ಟು ಮಾತ್ರ ಉಳಿಯಿತು. ಅತ್ತೆ ಫ್ರಿಜ್ಜು, ಟೀವಿ, ವ್ಯಾಕ್ಯೂಮ್ ಕ್ಲೀನರು ಯಾವುದರ ಹಣೆಯನ್ನೂ ಬಿಟ್ಟವರಲ್ಲ, ಇದೂ ಅವರದೇ ಕೆಲಸ. ಮ್ಯಾನೇಜರನ ಹೆಂಡತಿಯ ಕಣ್ಣಿಗೆ ಇದು ಬಿದ್ದರೆ ಸೋಮವಾರದ ಸಹಿಯ ಗತಿ ಏನು?

ಆಗ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸಿದ್ರಾಮಪ್ಪನವರು ನೆನಪಾದರು. ಬ್ರೆಡ್ಡಿನ ಮೆತ್ತನೆಯ ತಿರುಳಿನಿಂದ ಉಜ್ಜಿದರೆ ಎಂಥ ಬಣ್ಣವೂ ಹೋಗುತ್ತದೆ ಎನ್ನುತ್ತಿದ್ದರು. ಶೇಷಾದ್ರಿ ಬ್ರೆಡ್ಡು ಕೊಂಡು ತಂದು, ಉಸಿರು ಬಿಗಿಹಿಡಿದು, ಕಾಲು ಗಂಟೆ ಉಜ್ಜಿದ. ಹಣೆ ಬೆಳ್ಳಗಾಯಿತು. ಹುಡುಗಿಯ ಕಣ್ಣು ಮೊದಲಿಗಿಂತ ಕೆರಳಿದಂತೆ ಕಂಡರೂ, ತನ್ನ ಕೆಲಸ ತನಗೇ ಮೆಚ್ಚುಗೆಯಾಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಗ್ಯಾಲರಿ ತಲುಪಿದ. ನಡುಗೋಡೆಯಲ್ಲಿ ಚಿತ್ರಕ್ಕೆಂದೇ ಜಾಗ ಖಾಲಿ ಬಿಟ್ಟಿದ್ದರು. ತೂಗುಹಾಕಿದ್ದೇ ತಡ, ಹಾರುಮಿ ತನ್ನ ಹಣೆ ಮುಟ್ಟಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು, "ಬೊಟ್ಟು ಎಲ್ಲಿ?"

"ಯಾವ ಬೊಟ್ಟು?"

"ನಾನು ಬರೆದದ್ದು. ಇಡೀ ಪ್ರದರ್ಶನದಲ್ಲಿ ಬಣ್ಣ ಅಂತ ಇದ್ದದ್ದು ಅದೊಂದೇ."

ಶೇಷಾದ್ರಿ ಚಿತ್ರದ ಕಡೆ ತಿರುಗಿದ. ಚಿತ್ರದ ಕೆಳಗೆ ಅದರ ಹೆಸರಿನ ಚೀಟಿ ಅಂಟಿಸಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಮಾತನ್ನು ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. 'ತೆಗೆಯಲ್ಲ.'

ಅವನ ಬೆರಳ ತುದಿ ಇನ್ನೂ ಕೆಂಪಾಗಿತ್ತು. ಮೈಥಿಲಿ ಅದನ್ನು ನೋಡಿದಳು. ವ್ಯಾನಿಟಿ ಬ್ಯಾಗಿನಿಂದ ಸ್ಟಿಕರ್ ಬೊಟ್ಟಿನ ಹಾಳೆ ತೆಗೆದು, ಒಂದನ್ನು ಬಿಡಿಸಿ, ಹುಡುಗಿಯ ಹಣೆಗೆ ಒತ್ತಿದಳು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವಾಕರ್ ಶೇಷಾದ್ರಿಯ ಕೈ ಕುಲುಕಿ, ಸೋಮವಾರ ಒಂಬತ್ತಕ್ಕೆ ಪೇಪರ್ ತೆಗೆದುಕೊಂಡು ಬಾ ಎಂದ. ಬದುಕಿದೆಯಾ ಬಡಜೀವವೇ ಎಂದು ಶೇಷಾದ್ರಿ ನಿಟ್ಟುಸಿರು ಬಿಟ್ಟ. ಮನೆ ತಲುಪುವವರೆಗೆ ಮೈಥಿಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಅತ್ತೆ ಕೂಗಾಡುತ್ತಾರೆಂದು ಹೆದರಿಕೊಂಡೇ ಬಾಗಿಲು ತೆರೆದ. ಅವರು ಶಾಂತವಾಗಿ ಬತ್ತಿ ಹೊಸೆಯುತ್ತಿದ್ದರು.

"ಹೋಗ್ಲಿ ಬಿಡಿ ಅಳಿಯಂದ್ರೇ. ಮಣೆ ಬರಿದಾಗಿ ಇರಬಾರದು ಅಂತ ನಿಮ್ಮ ಮೇಜಿನ ಮೇಲಿದ್ದ ದೊಡ್ಡ ಕವರು ಇಟ್ಟು ಪೂಜೆ ಮಾಡಿದೆ. ನಿಮ್ಮ ಭವಿಷ್ಯವೆಲ್ಲ ಅದರೊಳಗೇ ಇದೆ ಅಂತ ರಘೋತ್ತಮ ಹೇಳಿದ್ರು. ಮಂಗಳವಾರದ ತನಕ ಯಾರೂ ಮುಟ್ಟೋ ಹಾಗಿಲ್ಲ."

ಆಲ್ಜೀಬ್ರಾ ಪುಸ್ತಕದ ಕೆಳಗೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಗ್ರೀನ್ ಕಾರ್ಡಿನ ಅರ್ಜಿ ಕೂತಿತ್ತು. ವೆಂಕಟಮ್ಮ ಈ ಸಲ ಮಣೆಯ ಮುಂದೆಯೇ ಚಾಪೆ ಹಾಸಿದ್ದರು.

ಶೇಷಾದ್ರಿ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಮೈಥಿಲಿ, ನಿಮ್ಮಮ್ಮ ನಿನ್ನ ಮಾತು ಕೇಳ್ತಾರೆ. ಸೋಮವಾರ ಒಂದು ಗಂಟೆ ತೆಗೆದ್ರೆ ಯಾರ ಗಂಟೇನು ಹೋಗುತ್ತೆ? ತೆಗೆದುಕೊಡೇ."

ಮೈಥಿಲಿ ಅವನನ್ನು ದಿಟ್ಟಿಸಿದಳು. ಚಿತ್ರದ ಹುಡುಗಿಯನ್ನು ಎಲ್ಲಿ ನೋಡಿದ್ದೆನೆಂದು ಶೇಷಾದ್ರಿಗೆ ಆಗ ಹೊಳೆಯಿತು.

"ತೆಗೆಯಲ್ಲ," ಎಂದಳು.