ಬೆಳಗಿದ ದೊರೆ

ದನದ ಕೊಟ್ಟಿಗೆಗೆ ಕಂಬ ನೆಡಲು ಗುಂಡಿ ತೋಡುತ್ತಿದ್ದ ಬಾಬುರಾಯನಕೊಪ್ಪಲಿನ ಚಿಕ್ಕಮಾದಯ್ಯನಿಗೆ ಬೆಳ್ಳಂಬೆಳಗ್ಗೆ ಹಸಿರು ಕಿಲುಬು ಹಿಡಿದ ಬಿಲ್ಲೆಯೊಂದು ಸಿಕ್ಕಿತು. ಒಂದು ಕಡೆ ಗಡ್ಡದ ತಲೆ, ಸುತ್ತ ಗೊತ್ತಿಲ್ಲದ ಅಕ್ಷರ. ಎಸ್‌ಟಿಡಿ ಬೂತಿಗೆ ಓಡಿ, ಪಾಂಡವಪುರದಲ್ಲಿದ್ದ ನಿವೃತ್ತ ಚರಿತ್ರೆ ಮೇಷ್ಟ್ರು ರಘುನಂದನರಿಗೆ ಫೋನು ಮಾಡಿದ.

"ರೋಮ್ ದೊರೆಗಳ ಕಂಚಿನ ನಾಣ್ಯ ಇರ್ಬೋದು ಕಣಯ್ಯ! ಈಗ್ಲೇ ತಗೊಂಡ್ ಬಾ. ಅಕ್ಷರ ಓದಿ ಯಾವ ದೊರೆ ಅಂತ ಹೇಳ್ತೀನಿ. ಮ್ಯೂಸಿಯಮ್ಮಿಗೆ ಒಪ್ಪಿಸಿದ್ರೆ ಅಲ್ಲಿ ನಾಣ್ಯದ ಕೆಳಗಿನ ಚೀಟೀಲಿ ನಿನ್ ಹೆಸರು ಹಾಕಿಸ್ತೀನಿ."

ರೇಷನ್ ಕಾರ್ಡು ಬಿಟ್ಟರೆ ಚಿಕ್ಕಮಾದಯ್ಯನ ಹೆಸರನ್ನು ಈ ಭೂಮಿಯ ಮೇಲೆ ಯಾರೂ ಎಲ್ಲೂ ಬರೆದಿರಲಿಲ್ಲ. ಪಾಪ, ಅವನಿಗೆ ಕಾಲೇ ನೆಲದ ಮೇಲೆ ನಿಲ್ಲಲಿಲ್ಲ. ಬಿಲ್ಲೆಯನ್ನು ಹೆಂಡತಿ ಚಲುವಮ್ಮನ ಕೈಗಿಟ್ಟು ಸ್ನಾನಕ್ಕೆ ಹೋದ. ದೊರೆಯ ಜೊತೆ ಹೊರಟವನು ಮೈತುಂಬ ಮಣ್ಣು ಮೆತ್ತಿಕೊಂಡು ಹೋಗಲಾದೀತೇ? ಬರುವಷ್ಟರಲ್ಲಿ ಅವಳು ಅದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟಿದ್ದಳು. ಬಸ್ಸಿನ ಹಾರನ್ನು ಕೇಳಿಸಿದ್ದೇ ಗಂಟು ಬಿಚ್ಚಿಯೂ ನೋಡದೆ ಓಡಿದ.

ಮೇಷ್ಟ್ರು ಗಂಟು ಬಿಚ್ಚಿದರು. ಬಿಲ್ಲೆ ಹಬ್ಬದ ದಿನದ ಚೊಂಬಿನ ಹಾಗೆ ಫಳಫಳ ಹೊಳೆಯಿತು. ಭೂತಗನ್ನಡಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ದೊರೆ ಎಲ್ಲಯ್ಯ?"

"ಬೆಳಗ್ಗೆ ಇಲ್ಲೇ ಇದ್ದ ಸಾ!"

ಮೇಷ್ಟ್ರು ಮೂಸಿ ನೋಡಿದರು. "ಹುಣಸೇಹಣ್ಣು ಹಾಕಿ ಉಜ್ಜಿದ್ದಾರೆ. ಆ ಕಿಲುಬಿನಲ್ಲೇ ಕಣಯ್ಯ ಅಕ್ಷರ ಉಳಿದಿದ್ದು. ಈಗಿದು ಬರೀ ತಗಡು."

ಚಿಕ್ಕಮಾದಯ್ಯನ ಮುಖ ನೋಡಿ ಅವರು ಭೂತಗನ್ನಡಿ ಕೆಳಗಿಟ್ಟರು. "ಅಳ್ಬೇಡ. ಇಂಥವು ಒಂಟಿಯಾಗಿರೋದು ಕಮ್ಮಿ. ಅಲ್ಲೇ ಹುಷಾರಾಗಿ ಅಗೆದು ನೋಡು. ಸಿಕ್ಕಿದ್ದನ್ನ ಮಣ್ಣಿನ ಸಮೇತ ತಾ."

ಅವನು ಉಸಿರು ಕಟ್ಟಿಕೊಂಡು ಊರಿಗೆ ಬಂದ. ಅಂಗಳದಲ್ಲಿ ನೆರೆಹೊರೆಯೆಲ್ಲ ನೆರೆದಿತ್ತು. ಕಂಬದ ಗುಂಡಿ ಬಾವಿಯಾಗಿತ್ತು. ಒಳಗಿನಿಂದ ಪಕ್ಕದ ಮನೆ ಕರಿಯಯ್ಯನ ತಲೆ ಮಾತ್ರ ಕಾಣುತ್ತಿತ್ತು.

"ಬಂದ್ಯಾ ಮಾದ? ನೀನ್ ಅತ್ಲಾಗೆ ಬಸ್ ಅತ್ತಿದ್ದೇ, ಇತ್ಲಾಗೆ ಇನ್ನೂ ಅನ್ನೊಂದ್ ಸಿಕ್ಕವೆ ಕಣ್ಲಾ!"

ಚಿಕ್ಕಮಾದಯ್ಯನಿಗೆ ಹೋದ ಜೀವ ಬಂದಂತಾಯಿತು. "ಎಲ್ಲವೆ? ಎಲ್ಲವೆ?"

ಎದುರುಮನೆಯ ಪುಟ್ಟಲಕ್ಷ್ಮಮ್ಮ ತಟ್ಟೆ ಮುಂದೆ ಹಿಡಿದಳು. ಹನ್ನೊಂದೂ ಸಾಲಾಗಿ ಥಳಥಳಿಸುತ್ತಿದ್ದವು. ಒಂದರಲ್ಲೂ ದೊರೆಯಿರಲಿಲ್ಲ.

"ಮ್ಯೂಸಿಯಮ್ಮಿಗೆ ಕೊಳಕು ಕಳ್ಸಕಾಯ್ತದಾ?" ಚಲುವಮ್ಮ ಬೀಗಿದಳು. "ನಾವೆಲ್ಲ ಕೂತ್ಕಂಡು ಬೆಳಗ್ದೊ. ಡಬ್ಬದ ಉಣಸೇಹಣ್ಣೆಲ್ಲ ಮುಗ್ದೋಯ್ತು."

ಮುಗಿದೇಹೋಯಿತೇ! ಚಿಕ್ಕಮಾದಯ್ಯನ ಕಣ್ಣು ಅರಳಿತು. ಯಾರನ್ನೂ ಬೈಯದೆ, ಪಂಚೆ ಎತ್ತಿಕಟ್ಟಿ ಗುಂಡಿಗೆ ಧುಮುಕಿದ. ಗುದ್ದಲಿ ಬಿಟ್ಟು ಬೆರಳಲ್ಲಿ ಕೆದಕಿದ. ಹೊತ್ತು ಇಳಿಯುವಾಗ ಹಸಿರು ಬಿಲ್ಲೆಯೊಂದು ಕೈಗೆ ಬಂತು. ಅದೇ ಗಡ್ಡ, ಸುತ್ತ ಅದೇ ಅಕ್ಷರ! ಸಂತೋಷ ತಡೆಯಲಾರದೆ "ಸಿಕ್ತು!" ಎಂದು ಕೂಗಿಯೇಬಿಟ್ಟ.

ಮೇಲಿನಿಂದ ಪುಟ್ಟಲಕ್ಷ್ಮಮ್ಮನ ಕೈ ಇಳಿದು ಬಂತು.

"ಕೊಡಿಲ್ಲಿ ಮಾದಣ್ಣ. ನಮ್ಮನೇಲಿ ಇನ್ನೂ ಒಂದ್ ಕುಡಿಕೆ ಉಣಸೇಹಣ್ಣದೆ!"