ಬಾಡಿಗೆ ಗೋಡೆಯ ಮೇಲೆ ಲೈಟ್‌ಹೌಸು

ಗೋಡೆಗೆ ಮೊಳೆ ಹೊಡೆದವರು ಮನೆ ಖಾಲಿ ಮಾಡಬೇಕು. ಬಿಳೇಕಹಳ್ಳಿಯ ಚಿಕ್ಕಬೈರಪ್ಪನವರು ಬಾಡಿಗೆದಾರರಿಗೆ ಹೇಳುತ್ತಿದ್ದ ಮೊದಲ ಮಾತೇ ಇದು. ವರ್ಷಕ್ಕೊಂದು ಮನೆ ಬದಲಿಸಿ ಸುಸ್ತಾಗಿದ್ದ ಶ್ರೀಕರ, ಕ್ಯಾಲೆಂಡರನ್ನೂ ಬಾಗಿಲ ಚಿಲಕಕ್ಕೆ ನೇತುಹಾಕಿಕೊಂಡು ಬದುಕುತ್ತಿದ್ದ.

ಶನಿವಾರ ಅಂಚೆಯಲ್ಲಿ ಒಂದು ಕಾರ್ಡು ಬಂತು. ಅವನ ಹೆಂಡತಿ ಇಂಚರಳ ದೊಡ್ಡಮ್ಮ, ಜಯನಗರದ ಚೂಡಾಮಣಿ, ಕಾಪು ಕಡಲತೀರದ ಹಳೆಯ ಲೈಟ್‌ಹೌಸಿನ ಚಿತ್ರವನ್ನು ತಾವೇ ಬರೆದು ಅದರ ಮೇಲೆ ಅಚ್ಚು ಹಾಕಿಸಿ ಕಳಿಸಿದ್ದರು. ಹಿಂದೆಯೇ ಫೋನು: "ಸಂಜೆ ಬರ್ತೀನಿ. ಯಾವ ಗೋಡೆಗೆ ಹಾಕಿದೀರ ನೋಡ್ಬೇಕು."

"ಫ್ರಿಜ್ ಮೇಲಿಟ್ರೆ ಆಗಲ್ವಾ?" ಎಂದ ಶ್ರೀಕರ.

"ಚಿಕ್ಕಪ್ಪನ ಮನೇಲಿ ಹಾಗೇ ಇಟ್ಟಿದ್ರು. ದೊಡ್ಡಮ್ಮ ಕಾಫೀನೂ ಕುಡೀದೆ ಎದ್ದು ಬಂದ್ರು," ಎಂದಳು ಇಂಚರ.

ಟೇಪು ಅಂಟಿಸಿದ. ಕಾರ್ಡು ಬಿತ್ತು, ಅದರ ಜೊತೆ ಅಂಗೈಯಗಲ ಬಣ್ಣವೂ ಕರಿದ ಹಪ್ಪಳದಂತೆ ಎದ್ದು ಬಂತು.

"ಮೈದಾ ಅಂಟು ಹಾಕಿ ಅಂಕಲ್," ಎಂದಳು ಮೇಲ್ಮನೆಯ ಶಿಲ್ಪಶ್ರೀ. ಮೈದಾ ಅಂಟಲಿಲ್ಲ, 'ಅಂಕಲ್' ಮಾತ್ರ ಎದೆಗೆ ಅಂಟಿಕೊಂಡಿತು.

ಎದುರು ಮನೆಯ ಭೀಮರಾಯರು ಡ್ರಿಲ್ಲಿಂಗ್ ಮಷೀನು ಹಿಡಿದೇ ಬಂದರು. "ಹೇಗೂ ಬಣ್ಣ ಹೋಗಿದೆ ಸಾರ್. ಅಲ್ಲೇ ಒಂದು ಚಿಕ್ಕ ತೂತು. ಮೇಲೆ ಕಾರ್ಡ್ ಕೂತ್ರೆ ಓನರ್‌ಗೆ ಎರಡೂ ಕಾಣಲ್ಲ."

ಗೋಡೆಯೊಳಗೆ ನೀರಿನ ಪೈಪಿತ್ತು. ಸಮುದ್ರವೇ ಬಿಳೇಕಹಳ್ಳಿಗೆ ಬಂದಂತಾಯಿತು. ಭೀಮರಾಯರು ಮಷೀನಿನ ಸಮೇತ ಮಾಯವಾದರು. ಕೆಳಮನೆಯಲ್ಲಿ ಸ್ನಾನಕ್ಕೆ ನಿಂತಿದ್ದ ಚಿಕ್ಕಬೈರಪ್ಪನವರ ನಲ್ಲಿ ನಿಂತುಹೋಯಿತು. ತಲೆತುಂಬ ಸೋಪಿನ ನೊರೆ ಹೊತ್ತು ಟವೆಲ್ಲಿನಲ್ಲೇ ಮೆಟ್ಟಿಲು ಹತ್ತಿ ಬಂದರು.

ಶ್ರೀಕರ ತೂತಿಗೆ ಕಾರ್ಡು ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡ. ಚಿಕ್ಕಬೈರಪ್ಪನವರು ಕಾರ್ಡು ಕಿತ್ತುಕೊಂಡರು. ನೀರು ಮುಖಕ್ಕೇ ಹೊಡೆದು ಅರ್ಧ ಸೋಪು ಹೋಯಿತು. ಅವರಿಗೆ ಅದರ ಕಡೆ ಗಮನವೇ ಇಲ್ಲ.

"ಯಾವುದ್ರೀ ಈ ಬಿಲ್ಡಿಂಗು?"

"ಲೈಟ್‌ಹೌಸ್ ಸಾರ್. ಗೋಡೆ ನಾನೇ ರಿಪೇರಿ..."

"ಗುಂಡಗೈತಲ್ರೀ! ಮೂಲೇನೇ ಇಲ್ದಿದ್ಮೇಲೆ ವಾಸ್ತು ದೋಷ ಎಲ್ಲಿಂದ ಬತ್ತದೆ? ಸೊಣ್ಣಮ್ಮಾ, ಬಾ ಇಲ್ಲಿ!" ಹೆಂಡತಿ ಓಡಿ ಬಂದರು. "ನೋಡು, ಅಂತಸ್ತಿಗೊಂದು ಪಿಜಿ ರೂಮು. ತುದೀಲಿ ಲೈಟು. ಪಕ್ಕದ ಹುಳಿಮಾವಿನ ಓನರ್‌ಗಳು ನೋಡಿ ಉರ್ಕೋಬೇಕು!"

ಶ್ರೀಕರನಿಗೆ ಹೋದ ಜೀವ ಬಂತು. "ಹಾಗಾದ್ರೆ ಗೋಡೆ ತೂತಾಗಿದ್ದಕ್ಕೆ ಬೇಜಾರಿಲ್ವಾ ಸಾರ್?"

"ಯಾಕ್ರೀ ಬೇಜಾರು? ಮನೇನೇ ಕೆಡವಿ ಇದನ್ನ ಕಟ್ತೀನಿ. ಮುಂದಿನ ತಿಂಗಳು ಖಾಲಿ ಮಾಡಿ."

ಶ್ರೀಕರನ ಮುಖ ನೋಡಿ ಅವರ ಮನಸ್ಸು ಕರಗಿತು.

"ಹೊಸದ್ರಲ್ಲೂ ನಿಮಗೊಂದು ರೂಮು ಇಟ್ಟಿರ್ತೀನಿ ಬಿಡಿ. ಗುಂಡು ಗೋಡೆ ನೋಡಿ, ಮಂಚ ಮಾತ್ರ ತರಂಗಿಲ್ಲ."